ಪಾಮ್ ಐಲ್ಯಾಂಡ್: ಯಾರು ಯಾರಿಗೆ ಬಾಕಿ?

ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡ್ ಸುದ್ದಿಯಾಗುವುದು ಗಲಭೆ, ಕುಡಿತ, ನಿರುದ್ಯೋಗ ಇವುಗಳಲ್ಲಿ ಯಾವುದಾದರೂ ಒಂದಕ್ಕೆ. ಕೂಡಲೇ "ಸರ್ಕಾರ ಇಷ್ಟು ದುಡ್ಡು ಸುರಿದರೂ ಈ ಜನ ಉದ್ಧಾರ ಆಗಲ್ಲ" ಎಂಬ ತೀರ್ಪು ಬೀಳುತ್ತದೆ. ಸರಿ, ದುಡ್ಡಿನ ಲೆಕ್ಕದಿಂದಲೇ ಶುರು ಮಾಡೋಣ.

ಕ್ವೀನ್ಸ್‌ಲ್ಯಾಂಡ್ ರಾಜ್ಯದ ಟೌನ್ಸ್‌ವಿಲ್ ನಗರದಿಂದ ಸುಮಾರು 65 ಕಿ.ಮೀ. ದೂರದ ದ್ವೀಪ ಇದು. ನೆಲದ ಮೂಲ ಒಡೆಯರು ಮನ್‌ಬಾರಾ ಎಂಬ ಆದಿವಾಸಿ ಜನ. ಈಗ ಅಲ್ಲಿರುವ ಎರಡು ಸಾವಿರ ಚಿಲ್ಲರೆ ಮಂದಿಯಲ್ಲಿ ಬಹುಪಾಲು ಸರ್ಕಾರ ಬೇರೆ ಕಡೆಯಿಂದ ಹಿಡಿದು ತಂದ ಆದಿವಾಸಿಗಳ ಮಕ್ಕಳು, ಮೊಮ್ಮಕ್ಕಳು. 1918ರ ಮಾರ್ಚಿನಲ್ಲಿ ಹಲ್ ರಿವರ್ ಎಂಬಲ್ಲಿದ್ದ ಆದಿವಾಸಿ ವಸಾಹತು ಚಂಡಮಾರುತಕ್ಕೆ ನೆಲಸಮವಾಯಿತು. ಉಳಿದವರನ್ನು ಈ ದ್ವೀಪಕ್ಕೆ ಸಾಗಿಸಿದರು. ಆಮೇಲೆ ಇಡೀ ಕ್ವೀನ್ಸ್‌ಲ್ಯಾಂಡಿನಿಂದ, 40ಕ್ಕೂ ಹೆಚ್ಚು ಭಾಷೆಗಳ ಜನರನ್ನು ತಂದು ತುಂಬಿದರು. ಅದಕ್ಕೆ ಆಧಾರ ಆದಿವಾಸಿಗಳ 'ರಕ್ಷಣೆ'ಗೆಂದು ತಂದ 1897ರ ಕಾಯ್ದೆ. ಪೊಲೀಸರ ಒಂದು ವರದಿ, ಮೇಲಧಿಕಾರಿಯ ಶಿಫಾರಸು, ಒಂದು ಸಹಿ, ಅಷ್ಟೇ. ವಿಚಾರಣೆ ಇಲ್ಲ, ಎಷ್ಟು ವರ್ಷ ಎಂಬ ಅವಧಿಯೂ ಇಲ್ಲ. ಎದುರು ಮಾತಾಡಿದ್ದು, ಕಾಯಿಲೆ ಬಿದ್ದದ್ದು, ತಂದೆ ಬಿಳಿಯನಾಗಿದ್ದದ್ದು, ಯಾವುದೂ ಕಾರಣವಾಗಬಹುದಿತ್ತು.

ಇನ್ನು ಕೂಲಿ. ಈ ಕಾಯ್ದೆಯ ಹಿಡಿತದಲ್ಲಿದ್ದವರು ದನದ ಫಾರಂಗಳಲ್ಲೋ ಮನೆಗೆಲಸದಲ್ಲೋ ದುಡಿದರೆ, ಮಾಲೀಕ ಸಂಬಳದ ಹೆಚ್ಚಿನ ಭಾಗವನ್ನು 'ಪ್ರೊಟೆಕ್ಟರ್' (ರಕ್ಷಕ) ಎಂಬ ಅಧಿಕಾರಿಯ ಕೈಗೆ ಕೊಡಬೇಕಿತ್ತು. ಊರುಗಳಲ್ಲಿ ಪ್ರೊಟೆಕ್ಟರ್ ಎಂದರೆ ಸಾಮಾನ್ಯವಾಗಿ ಪೊಲೀಸನೇ. ಕೆಲಸಗಾರನ ಕೈಗೆ ಸಿಗುವುದು ಪುಡಿಗಾಸು. ಉಳಿದದ್ದು ಅವನ ಹೆಸರಿನ ಖಾತೆಗೆ, ಅದರಲ್ಲೂ ಒಂದಿಷ್ಟು ಕಲ್ಯಾಣ ನಿಧಿಗೆ ಕಡಿತ. ತನ್ನದೇ ಹಣದಲ್ಲಿ ಒಂದು ಅಂಗಿ ಕೊಳ್ಳಬೇಕಾದರೂ ಪೊಲೀಸನ ಮುಂದೆ ನಿಂತು ಕೇಳಬೇಕು. ಅವನು ಒಪ್ಪಿದರೆ ಹೆಬ್ಬೆಟ್ಟು ಒತ್ತಿ ಪಡೆಯಬೇಕು, ಒಪ್ಪದಿದ್ದರೆ ಇಲ್ಲ. ಮೋಸ ಆಗಲೆಂದೇ ಮಾಡಿದಂತಿತ್ತು ಈ ಏರ್ಪಾಡು: ಲೆಕ್ಕ ಬರೆಯುವವನೂ ಅವನೇ, ಹಣ ಕೊಡುವವನೂ ಅವನೇ, ದೂರು ಕೊಟ್ಟರೆ ಒಳಗೆ ಹಾಕುವವನೂ ಅವನೇ. ಓದು ಬಾರದವನ ಹೆಬ್ಬೆಟ್ಟು ಖಾಲಿ ರಸೀದಿಯ ಮೇಲಿದ್ದರೆ ಕೇಳುವವರು ಯಾರು?

ದ್ವೀಪದೊಳಗೆ ದುಡಿದವರಿಗೆ ಬಹುಕಾಲ ಸಿಕ್ಕಿದ್ದು ಪಡಿತರ, ಮೇಲೊಂದಿಷ್ಟು ಚಿಲ್ಲರೆ. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಡಾರ್ಮಿಟರಿಗಳಲ್ಲಿ ಇಡುತ್ತಿದ್ದರು. ಬಿಳಿ ನೌಕರರು ಇದ್ದ ಮ್ಯಾಂಗೋ ಅವೆನ್ಯೂ ಬೀದಿಗೆ ಸ್ಥಳೀಯರು ಕಾಲಿಡುವಂತಿರಲಿಲ್ಲ. 1957ರ ಜೂನಿನಲ್ಲಿ ಕೂಲಿ, ಊಟ, ಮನೆ ಸರಿಯಾಗಲಿ ಎಂದು ಇಡೀ ದ್ವೀಪ ಐದು ದಿನ ಮುಷ್ಕರ ಹೂಡಿತು. ಪೊಲೀಸರು ನಸುಕಿನಲ್ಲಿ ಮನೆಗಳಿಗೆ ನುಗ್ಗಿ ವಿಲ್ಲಿ ಥೈಡೆ, ಆಲ್ಬಿ ಗೀಯಾ ಸೇರಿ ಏಳು ಮುಂದಾಳುಗಳನ್ನು ಹೆಂಡತಿ ಮಕ್ಕಳ ಸಮೇತ ಬೇರೆ ವಸಾಹತುಗಳಿಗೆ ಗಡೀಪಾರು ಮಾಡಿದರು.

1975ರಲ್ಲಿ ಜನಾಂಗ ತಾರತಮ್ಯ ನಿಷೇಧ ಕಾಯ್ದೆ ಬಂತು. ಆದರೂ 1986ರವರೆಗೆ ಸರ್ಕಾರ ಅಲ್ಲಿನವರಿಗೆ ಕಾನೂನುಬದ್ಧ ಕನಿಷ್ಠ ವೇತನಕ್ಕಿಂತ ಕಡಿಮೆಯೇ ಕೊಟ್ಟಿತು, ಅದೂ ಗೊತ್ತಿದ್ದೇ. 1996ರಲ್ಲಿ ಆರು ಮಂದಿ ಪಾಮ್ ಐಲ್ಯಾಂಡಿನವರು ಮಾನವ ಹಕ್ಕು ಆಯೋಗದಲ್ಲಿ ಗೆದ್ದರು, ತಲಾ 7,000 ಡಾಲರ್. ಇಂಥದ್ದೇ ಅನ್ಯಾಯ ಅನುಭವಿಸಿದ ಉಳಿದವರಿಗೂ 1999ರಲ್ಲಿ ಅಷ್ಟೇ ಮೊತ್ತ ಘೋಷಣೆಯಾಯಿತು. ಹನ್ನೊಂದು ವರ್ಷ ದುಡಿದವನಿಗೂ ಅಷ್ಟೇ, ಒಂದು ವರ್ಷ ದುಡಿದವನಿಗೂ ಅಷ್ಟೇ. ಬಡ್ಡಿ ಹಾಗಿರಲಿ, ಅಸಲೂ ಅಲ್ಲ. ಹಳೆಯ ಖಾತೆಗಳ ಹಣಕ್ಕೆ 2002ರಲ್ಲಿ ತಲೆಗೆ ಹೆಚ್ಚೆಂದರೆ 4,000 ಡಾಲರ್ ಎಂದರು. ಕೆಲಸಗಾರರು ಕೋರ್ಟು ಮೆಟ್ಟಿಲೇರಿದ ಮೇಲೆ, 2019ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ರಾಜ್ಯದ ಇಂಥ ಎಲ್ಲ ಕೆಲಸಗಾರರಿಗೆ ಸೇರಿ 19 ಕೋಟಿ ಡಾಲರಿಗೆ ಒಪ್ಪಿತು. ಅಷ್ಟರಲ್ಲಿ ದುಡಿದವರಲ್ಲಿ ಎಷ್ಟೋ ಜನ ಮಣ್ಣಾಗಿದ್ದರು.

ಬರೀ ಹಣದ ಮಾತಲ್ಲ. 1979ರ ನವೆಂಬರಿನಲ್ಲಿ ದ್ವೀಪದ ಮಕ್ಕಳು ಒಬ್ಬೊಬ್ಬರಾಗಿ ವಾಂತಿ ಮಾಡತೊಡಗಿದರು. ಯಕೃತ್ತು ಊದಿಕೊಂಡಿತು, ಮೂತ್ರಪಿಂಡ ಕೆಟ್ಟಿತು, ಕೆಲವರಿಗೆ ರಕ್ತಭೇದಿ. ಒಟ್ಟು 148 ಮಂದಿ, ಹತ್ತು ಜನ ಬಿಟ್ಟರೆ ಎಲ್ಲರೂ ಮಕ್ಕಳು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಕಾರಣ ಹುಡುಕುವಾಗ ಕಾಯಿ ಮಾವು ತಿಂದದ್ದಕ್ಕೇ ಹೀಗಾಯಿತೆಂಬ ಮಾತೂ ಹುಟ್ಟಿತು! ಉಪ್ಪುಖಾರ ಹಚ್ಚಿ ಮಾವಿನಕಾಯಿ ತಿಂದು ಬೆಳೆದ ನಮಗೆ ಇದು ನಗು ತರಿಸಬೇಕು. ನಿಜ ಕಾರಣ ಕುಡಿಯುವ ನೀರು. ಸೊಲೊಮನ್ ಡ್ಯಾಮಿನಲ್ಲಿ ಪಾಚಿ ಎದ್ದು ನೀರು ವಾಸನೆ ಬಂತೆಂದು ಕಾಪರ್ ಸಲ್ಫೇಟ್ ಹಾಕಿದ್ದರು. ನಮ್ಮ ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಮೈಲುತುತ್ತವೇ ಅದು. ಪಾಚಿ ಸತ್ತಿತು ನಿಜ. ಆದರೆ ಅದರಲ್ಲಿದ್ದ ಸಿಲಿಂಡ್ರೋಸ್ಪರ್ಮಾಪ್ಸಿಸ್ ಎಂಬ ನೀಲಿಹಸಿರು ಪಾಚಿಯ ಜೀವಕೋಶಗಳು ಒಡೆದು, ಒಳಗಿದ್ದ ವಿಷ ಒಮ್ಮೆಗೇ ನೀರಿಗೆ ಬಿಡುಗಡೆಯಾಯಿತು. ಜೀವಕೋಶ ಇಡಿಯಾಗಿದ್ದರೆ ಒಳಗಿನ ವಿಷದ ಸಮೇತ ಅದನ್ನು ಸೋಸಿ ತೆಗೆಯಬಹುದು. ಒಡೆದ ಮೇಲೆ ಸಾಮಾನ್ಯ ಶೋಧನೆ ಸಾಲದು, ಸಕ್ರಿಯ ಇದ್ದಿಲಿನಂಥ ಉಪಾಯ ಬೇಕು. ಕುದಿಸಿದರೂ ಆ ವಿಷ ಹೋಗದು. ಪಾಚಿ ಎದ್ದಾಗ ಮೊದಲು ಮಾಡಬೇಕಾದ್ದು ಆ ನೀರನ್ನು ಊರಿಗೆ ಬಿಡದಿರುವುದು, ಬೇರೆ ಆಳದಿಂದಲೋ ಬೇರೆ ಮೂಲದಿಂದಲೋ ಎತ್ತುವುದು. ಇಂದು ಜಗತ್ತಿನ ನೀರು ಸರಬರಾಜು ಎಂಜಿನಿಯರುಗಳು ಈ ಪಾಠ ಓದುತ್ತಾರೆ. ಪಾಠಕ್ಕೆ ಶುಲ್ಕ ಕಟ್ಟಿದ್ದು ಪಾಮ್ ಐಲ್ಯಾಂಡಿನ ಮಕ್ಕಳು.

2004ರ ನವೆಂಬರ್ 19ರಂದು ಮುಲ್ರುಂಜಿ ಎಂಬ 36 ವರ್ಷದ ವ್ಯಕ್ತಿ ಬಂಧನವಾದ ಒಂದು ಗಂಟೆಯ ಆಸುಪಾಸಿನಲ್ಲೇ ಲಾಕಪ್ಪಿನಲ್ಲಿ ಸತ್ತ. ಪಕ್ಕೆಲುಬು ಮುರಿದಿತ್ತು, ಯಕೃತ್ತು ಸೀಳಿತ್ತು. ಒಂದು ವಾರದ ನಂತರ ಶವಪರೀಕ್ಷೆ ವರದಿ ಓದಿದಾಗ ಜನ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿದರು. ಬಂಧಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ನಡೆದು 2007ರಲ್ಲಿ ಅವರು ಖುಲಾಸೆಯಾದರು. ಗಲಭೆಯ ವಿಷಯದಲ್ಲಿ ದ್ವೀಪದವರೇ ಆದ ಲೆಕ್ಸ್ ವಾಟನ್ ಜೈಲಿಗೆ ಹೋದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ವಾಟನ್ ಹೂಡಿದ ದಾವೆಯಲ್ಲಿ 2016ರಲ್ಲಿ ಫೆಡರಲ್ ಕೋರ್ಟ್, ಆ ಸಾವಿನ ತನಿಖೆಯಲ್ಲೂ ಗಲಭೆಯ ನಂತರದ ದಾಳಿಯಲ್ಲೂ ಪೊಲೀಸರು ಜನಾಂಗ ತಾರತಮ್ಯ ಎಸಗಿದ್ದಾರೆ ಎಂದು ತೀರ್ಪಿತ್ತದ್ದನ್ನು ಬಿಟ್ಟುಬಿಡುತ್ತಾರೆ. 2018ರಲ್ಲಿ ಸರ್ಕಾರ 3 ಕೋಟಿ ಡಾಲರ್ ಪರಿಹಾರ ಕೊಟ್ಟು ಕ್ಷಮೆ ಕೇಳಲು ಒಪ್ಪಿತು.

ಉಳಿದಿರುವ ದೊಡ್ಡ ತೊಡಕು ಜಮೀನಿನದು. ದ್ವೀಪದ ನೆಲ ಬಹುಪಾಲು ಸಮುದಾಯದ ಪರವಾಗಿ ಟ್ರಸ್ಟಿನಲ್ಲಿದೆ. ಮಾರುವಂತಿಲ್ಲ, ಅಡವಿಡುವುದೂ ಸುಲಭವಲ್ಲ, ಹಾಗಾಗಿ ಸ್ವಂತ ಮನೆಗೆ ಬ್ಯಾಂಕ್ ಸಾಲ ಹುಟ್ಟುವುದು ಕಷ್ಟ. ಇನ್ನು 1993ರ ನೇಟಿವ್ ಟೈಟಲ್ (ಮೂಲನಿವಾಸಿಗಳ ಭೂಹಕ್ಕು) ಕಾಯ್ದೆಯಡಿ ಹಕ್ಕು ಬೇಕಾದರೆ ಆ ನೆಲದೊಂದಿಗೆ ಪೂರ್ವಿಕರ ಕಾಲದಿಂದ ಕಡಿಯದ ನಂಟು ತೋರಿಸಬೇಕು. ದ್ವೀಪದಲ್ಲಿ ಅದು ಮನ್‌ಬಾರಾ ಜನಕ್ಕೆ ಮಾತ್ರ ಸಾಧ್ಯ. ತಂದು ಹಾಕಲ್ಪಟ್ಟವರ ಸಂತತಿಗೆ ಇಲ್ಲಿ ಆ ಹಕ್ಕಿಲ್ಲ. ಅಜ್ಜನ ಊರಿಗೆ ಹೋಗಿ ಕೇಳೋಣವೆಂದರೆ, ಅವನನ್ನು ಅಲ್ಲಿಂದ ಎಬ್ಬಿಸಿದ ಸರ್ಕಾರಿ ಆದೇಶವೇ ನಂಟು ಕಡಿಯಿತೆಂಬ ವಾದಕ್ಕೆ ದಾಖಲೆಯಾಗಿ ಎದುರು ನಿಲ್ಲಬಹುದು.