ಇಬ್ನ್ ಬತೂತನ ಊರಲ್ಲಿ ಚಿಕ್ಕಪ್ಪ

ವಾಕಿಂಗ್ ಟೂರ್ ಅಂದರೆ ದುಡ್ಡು ಕೊಟ್ಟು ಕಾಲು ನೋಯಿಸಿಕೊಳ್ಳುವುದು ಅಂತ ನಮ್ಮ ಚಿಕ್ಕಪ್ಪನ ಅಭಿಪ್ರಾಯ. ಅವರು ಹೊನ್ನಾವರದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ದುಡ್ಡು ಕೊಡುವ ಪ್ರತಿಯೊಂದು ವಿಷಯದಲ್ಲೂ ಅವರಿಗೊಂದು ಅಭಿಪ್ರಾಯ ಇರುತ್ತದೆ. ಆದರೂ ಟ್ಯಾಂಜಿಯರ್ ಸುತ್ತುವ ದಿನ ಎಲ್ಲರಿಗಿಂತ ಮೊದಲು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತವರು ಅವರೇ. ಕಾರಣ ಇಬ್ನ್ ಬತೂತ.

ನಾವಿರುವುದು ಸ್ಪೇನಿನ ದಕ್ಷಿಣದಲ್ಲಿ. ತರೀಫಾದಲ್ಲಿ ಹಡಗು ಹತ್ತಿದರೆ ಸುಮಾರು ಒಂದು ಗಂಟೆಗೆ ಮೊರೊಕ್ಕೊದ ಟ್ಯಾಂಜಿಯರ್. ಲೋಕ ಸುತ್ತಿ ಪ್ರವಾಸ ಕಥನ ಬಿಟ್ಟುಹೋದ ಇಬ್ನ್ ಬತೂತ ಹುಟ್ಟಿದ್ದು ಈ ಊರಲ್ಲಿ, 1304ರಲ್ಲಿ. ಇಪ್ಪತ್ತೊಂದನೇ ವಯಸ್ಸಿಗೆ ಹಜ್‌ಗೆ ಹೋಗಿ ಬರ್ತೀನಿ ಅಂತ ಮನೆ ಬಿಟ್ಟವನು ಊರಿಗೆ ವಾಪಸು ಬಂದಿದ್ದು ಕಾಲು ಶತಮಾನದ ಹೊತ್ತಿಗೆ. ನಡುವೆ ನಮ್ಮ ಕರಾವಳಿಗೂ ಬಂದು ಬಾರ್ಕೂರು, ಮಂಗಳೂರು ನೋಡಿದ್ದ. ಹೊನ್ನಾವರದಲ್ಲಂತೂ ಠಿಕಾಣಿಯೇ ಹೂಡಿದ್ದ. "ಅವ ನಮ್ಮ ಮನೆಗೆ ಬಂದು ಹೋದವ. ನಾವು ಅವನ ಮನೆಗೆ ಹೋಗದಿದ್ರೆ ಚೆನ್ನಾಗಿರ್ತದಾ?" ಅಂದರು ಚಿಕ್ಕಪ್ಪ. ಬಾಕಿ ಉಳಿದ ಲೆಕ್ಕ ಅಂದರೆ ಬ್ಯಾಂಕಿನವರಿಗೆ ನಿದ್ದೆ ಬರುವುದಿಲ್ಲ.

ನಮ್ಮ ಗೈಡ್ ಎದೆಯ ಮೇಲೆ ಬ್ಯಾಡ್ಜ್ ಹಾಕಿಕೊಂಡು, ಕೈಯಲ್ಲಿ ಹಳದಿ ಕೊಡೆ ಹಿಡಿದು ಬಂದ. "ಕೊಡೆ ನೋಡಿಕೊಂಡು ಬನ್ನಿ, ಯಾರೂ ಕಳೆದುಹೋಗುವುದಿಲ್ಲ" ಅಂತ ಭರವಸೆ ಕೊಟ್ಟ. ಆದರೆ ಟ್ಯಾಂಜಿಯರ್‌ನಲ್ಲಿ ಷೆರ್ಗಿ ಅಂತ ಒಂದು ಮೂಡಣ ಗಾಳಿ ಇದೆ. ಅದು ಬೀಸಲು ಶುರು ಮಾಡಿದರೆ ಕೇಳುವ ಹಾಗಿಲ್ಲ. ಗೈಡ್ ಕೊಡೆ ಬಿಚ್ಚಿದ್ದೇ ತಡ, ಅದು ಉಲ್ಟಾ ಆಗಿ ಎರಡು ಕಡ್ಡಿ ಹೊರಗೆ ಬಂದವು. ಅವನು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಭರವಸೆಯೂ ಅಲ್ಲಿಗೇ ಮಡಚಿತು.

ಮೊದಲು ಗ್ರ್ಯಾಂಡ್ ಸೊಕ್ಕೊ ಎಂಬ ದೊಡ್ಡ ಚೌಕ. ಸರ್ಕಾರಿ ಲೆಕ್ಕದಲ್ಲಿ ಅದರ ಹೆಸರು 9 ಏಪ್ರಿಲ್ 1947ರ ಚೌಕ. ಸುಲ್ತಾನ ಐದನೇ ಮೊಹಮ್ಮದ್ ಆ ದಿನ ಪಕ್ಕದ ತೋಟದಲ್ಲಿ ಮಾಡಿದ ಸ್ವಾತಂತ್ರ್ಯದ ಭಾಷಣ ಆಗ ದೇಶದ ಬಹುಪಾಲನ್ನು ಆಳುತ್ತಿದ್ದ ಫ್ರೆಂಚರ ನಿದ್ದೆ ಕೆಡಿಸಿತ್ತು. ಗೈಡ್ ಇದನ್ನು ಆವೇಶದಿಂದ ಹೇಳುತ್ತಿದ್ದರೆ ಚಿಕ್ಕಪ್ಪನ ಕಣ್ಣು ನೆಲದ ಮೇಲೆ ಕೂತು ಮಾರುತ್ತಿದ್ದ ಹೆಂಗಸರ ಕಡೆಗಿತ್ತು. ಬೆಟ್ಟದ ಹಳ್ಳಿಗಳಿಂದ ಬರುವ ಜಬಾಲಾ ಹೆಂಗಸರು. ಸೊಂಟಕ್ಕೆ ಕೆಂಪು ಬಿಳಿ ಪಟ್ಟೆಯ ದಪ್ಪ ಬಟ್ಟೆ, ತಲೆಗೆ ಉಣ್ಣೆಯ ಕುಚ್ಚು ಕಟ್ಟಿದ ಅಗಲವಾದ ಹುಲ್ಲಿನ ಟೋಪಿ. ಎದುರಿಗೆ ಹಸಿರು ಗರಿಗಳ ಮೇಲೆ ದುಂಡಗೆ, ಬೆಳ್ಳಗೆ ಏನೋ ಸಾಲಾಗಿ ಕೂತಿತ್ತು. ಥೇಟ್ ಆಗಷ್ಟೇ ಹಬೆಯಿಂದ ಇಳಿಸಿದ ತಟ್ಟೆ ಇಡ್ಲಿ.

ಹಡಗು ಇಳಿದಾಗಿನಿಂದ ನಮ್ಮ ಹೊಟ್ಟೆಗೆ ಬಿದ್ದದ್ದು ಬರೀ ಬ್ರೆಡ್ಡು. ಖೊಬ್ಜ್ ಅಂತ ದುಂಡಗಿನ ಬ್ರೆಡ್ಡು. ರಾತ್ರಿ ಊಟಕ್ಕೆ ಅದೇ, ಬೆಳಿಗ್ಗೆ ತಿಂಡಿಗೂ ಅದೇ. ಚಿಕ್ಕಪ್ಪ ಗೈಡನ್ನೂ ಕೇಳದೆ, ನಮ್ಮನ್ನೂ ಕೇಳದೆ ಒಂದು ಕೊಂಡು ಬಾಯಿಗಿಟ್ಟರು. ಅದು ಉಪ್ಪು ಹಾಕಿದ ಆಡಿನ ಹಾಲಿನ ಚೀಸ್. ಅವರ ಮುಖ ನೋಡಿ ಮಾರುವ ಅಜ್ಜಿಗೆ ಪಾಪ ಅನ್ನಿಸಿತೋ ಏನೋ, ಬುಟ್ಟಿಗೆ ಕೈ ಹಾಕಿ ನಂಚಿಕೊಳ್ಳಲು ಏನೋ ತೆಗೆದು ಕೊಟ್ಟಳು.

ಬ್ರೆಡ್ಡು.

ಅಲ್ಲಿಂದ ಮದೀನಾ ಎಂಬ ಹಳೇ ಊರಿನ ಒಳಗೆ ಇಳಿದೆವು. ಮದೀನಾದ ಓಣಿಗಳು ಕಿರಿದು. ಎದುರಿಂದ ಸಾಮಾನು ತುಂಬಿದ ತಳ್ಳುಗಾಡಿ ಬಂದರೆ ಗೋಡೆಗೆ ಅಂಟಿಕೊಳ್ಳದೆ ಬೇರೆ ದಾರಿಯಿಲ್ಲ. "ಬಾಲಕ್! ಬಾಲಕ್!" ಅಂತ ಒಬ್ಬ ಕೂಗುತ್ತಾ ಬಂದ. ದಾರಿ ಬಿಡಿ ಅಂತ ಅರ್ಥ. ಎಲ್ಲರೂ ಅಂಟಿಕೊಂಡೆವು. ಗಾಡಿ ದಾಟಿ ಹೋಯಿತು. ನೋಡಿದರೆ ಚಿಕ್ಕಪ್ಪ ಇಲ್ಲ.

ಗೈಡ್ ಗಾಬರಿಯಾಗಲಿಲ್ಲ. "ಎರಡು ನಿಮಿಷ" ಅಂದ. ಅವನ ಎರಡು ನಿಮಿಷಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲ ಅಂತ ನಮಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ನನ್ನ ಹೆಂಡತಿ ಒಂದು ಓಣಿ, ನಾನು ಒಂದು ಓಣಿ ಹುಡುಕಿ, ಇಬ್ಬರೂ ಒಂದೇ ಮಸಾಲೆ ಅಂಗಡಿಯ ಎದುರು ಬಂದು ಸೇರಿದೆವು. ಅಂಗಡಿಯವನು ಇಬ್ಬರಿಗೂ ಜೀರಿಗೆ ಮೂಸಲು ಕೊಟ್ಟ. ಕೊನೆಗೆ ಚಿಕ್ಕಪ್ಪ ಸಿಕ್ಕಿದ್ದು ಪೆಟಿಟ್ ಸೊಕ್ಕೊ ಎಂಬ ಸಣ್ಣ ಚೌಕದ ಕೆಫೆಯಲ್ಲಿ. ಹಳದಿ ಟೋಪಿ ಹಾಕಿದ್ದ ಇನ್ಯಾವನೋ ಗೈಡ್‌ನ ಬೆನ್ನು ಹಿಡಿದು ಹೋಗಿ ಒಂದು ಸ್ಪ್ಯಾನಿಷ್ ತಂಡದ ಮಧ್ಯೆ ಆರಾಮಾಗಿ ಕೂತಿದ್ದರು. ಮುಂದೆ ಪುದೀನಾ ಸೊಪ್ಪು ತುರುಕಿದ ಗಾಜಿನ ಲೋಟ, ಅದರಲ್ಲಿ ಪಾಯಸದಷ್ಟೇ ಸಕ್ಕರೆ ಇರುವ ಟೀ.

"ಈ ಗೈಡೇ ಅಡ್ಡಿಲ್ಲ ಮಾರಾಯ. ಒಂದಕ್ಷರ ಅರ್ಥ ಆಗೂದಿಲ್ಲ, ಆದ್ರೆ ಟೀ ಕುಡಿಸ್ತಾನೆ."

ನಾವು ಹೊರಟಾಗ ಆ ತಂಡದ ಹೆಂಗಸರೆಲ್ಲ ಎದ್ದು ಕೈ ಬೀಸಿದರು. "ಅಡಿಯೋಸ್, ಅಪ್ಪಿ! ಅಡಿಯೋಸ್!" ದಾರಿಯುದ್ದಕ್ಕೂ ಚಿಕ್ಕಪ್ಪ ನನ್ನನ್ನು ಹುಡುಕುತ್ತಾ "ಅಪ್ಪಿ, ಅಪ್ಪಿ" ಅಂತ ಕೂಗಿದ್ದರಂತೆ. ಪಾಪ, ಅವರು ಅದೇ ಈ ಮನುಷ್ಯನ ಹೆಸರು ಅಂದುಕೊಂಡಿದ್ದರು.

ಕುಡಿದ ಟೀ ಸುಮ್ಮನಿರುತ್ತದೆಯೇ? ಮುಂದಿನ ನಿಲ್ದಾಣ ಅಮೆರಿಕನ್ ಲೆಗೇಶನ್, ಅಂದರೆ ಹಳೇ ರಾಯಭಾರ ಕಚೇರಿ. ವಿದೇಶದಲ್ಲಿ ಅಮೆರಿಕ ಸರ್ಕಾರಕ್ಕೆ ದಕ್ಕಿದ ಮೊಟ್ಟಮೊದಲ ಆಸ್ತಿ, 1821ರಲ್ಲಿ ಸುಲ್ತಾನ ಮೌಲೈ ಸುಲೇಮಾನ್ ಕೊಟ್ಟ ಉಡುಗೊರೆ. ಈಗ ಮ್ಯೂಸಿಯಂ. ಚಿಕ್ಕಪ್ಪ ಟಿಕೆಟ್ ಕೊಂಡು ಒಳಗೆ ಓಡಿದ ವೇಗ ನೋಡಿ ಗೈಡ್‌ಗೆ ಅವರ ಇತಿಹಾಸ ಪ್ರೇಮದ ಬಗ್ಗೆ ಗೌರವ ಮೂಡಿತು. ಹೊರಗೆ ಬಂದವರು "ಒಳ್ಳೇ ಸ್ವಚ್ಛ ಇಟ್ಟಿದ್ದಾರೆ" ಅಂದರು. ಗೈಡ್ ಇನ್ನೂ ಖುಷಿಪಟ್ಟ.

ಆಮೇಲೆ ಬಂತು ಬತೂತನ ಸಮಾಧಿ. ಈ ಊರಿನ ವಿಮಾನ ನಿಲ್ದಾಣಕ್ಕೆ ಅವನ ಹೆಸರು, ಫುಟ್‌ಬಾಲ್ ಸ್ಟೇಡಿಯಂಗೆ ಅವನ ಹೆಸರು. ಸಮಾಧಿ ಮಾತ್ರ ಮನೆಗಳ ನಡುವೆ ಸಿಕ್ಕಿಕೊಂಡ ಪುಟ್ಟ ಕಟ್ಟಡ. ಅವನು ನಿಜಕ್ಕೂ ಅಲ್ಲೇ ಇದ್ದಾನಾ ಅಂತ ಇತಿಹಾಸಕಾರರಿಗೆ ಅನುಮಾನ ಬೇರೆ. ಜೀವ ಇದ್ದಾಗಲೇ ಒಂದು ಕಡೆ ನಿಲ್ಲದವನನ್ನು ಈಗ ಹುಡುಕಿದರೆ ಸಿಗುತ್ತಾನಾ? ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಬೀಗದ ಕೈ ನೋಡಿಕೊಳ್ಳುವವನ ಹತ್ತಿರ. ಅವನೆಲ್ಲಿ ಅಂತ ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಬತೂತನ ಕಾವಲುಗಾರ ಅಲ್ವಾ, ತಿರುಗಾಟದ ಹುಚ್ಚು ಅವನಿಗೂ ಹತ್ತಿರಬೇಕು.

ಚಿಕ್ಕಪ್ಪ ಸುಮ್ಮನೆ ಹಿಂದಿರುಗುವವರಲ್ಲ. ಮುಂದೆ ಹೋಗಿ ಬಾಗಿಲನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ತಟ್ಟಿದರು. ಗೈಡ್ ಬೆಚ್ಚಿಬಿದ್ದ. "ಹೊನ್ನಾವರದವ್ರು ಬಂದು ಹೋದ್ರು ಅಂತ ಗೊತ್ತಾಗ್ಲಿ" ಅಂದು ಚಪ್ಪಲಿ ಬಿಟ್ಟು ಕೈ ಮುಗಿದು ಬಂದರು. ಚಪ್ಪಲಿ ಅಲ್ಲ, ಬೂಟು. ಲೇಸು ಬಿಚ್ಚಿ ಮತ್ತೆ ಕಟ್ಟುವುದರೊಳಗೆ ಗೈಡ್‌ನ ಎರಡು ನಿಮಿಷಗಳು ಎಷ್ಟೋ ಆದವು.

ಕಸ್ಬಾ ಅಂದರೆ ಮೇಲಿನ ಕೋಟೆ. ಬಾಬ್ ಬಹರ್ ಎಂಬ ಸಮುದ್ರದ ಬಾಗಿಲಲ್ಲಿ ನಿಂತರೆ ಆಚೆ ದಡದ ಸ್ಪೇನ್ ಕಾಣುತ್ತದೆ. ಜಲಸಂಧಿ ತೀರಾ ಕಿರಿದಾದ ಕಡೆ 14 ಕಿ.ಮೀ. ಅಷ್ಟೇ. ಗಾಳಿಗೆ ನನ್ನ ಹೆಂಡತಿಯ ದುಪಟ್ಟಾ ಯಾರೋ ಜರ್ಮನ್ ಯಾತ್ರಿಕನ ಮುಖಕ್ಕೆ ಸುತ್ತಿಕೊಂಡಿದ್ದನ್ನು ಬಿಟ್ಟರೆ ಅಲ್ಲಿ ವಿಶೇಷ ಅನಾಹುತವೇನೂ ಆಗಲಿಲ್ಲ. ಗೈಡ್ ನಮಗಾಗಿಯೇ ಒಂದು ಕಥೆ ತೆಗೆದ. ಮೊದಲು ಈ ಊರು ಪೋರ್ಚುಗೀಸರ ಕೈಯಲ್ಲಿತ್ತು. 1661ರಲ್ಲಿ ಅವರ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಡುವ ಮಾತಾಯಿತು. ವರದಕ್ಷಿಣೆಯಲ್ಲಿ ಎರಡು ಊರು. ಒಂದು ಬೊಂಬಾಯಿ, ಇನ್ನೊಂದು ಟ್ಯಾಂಜಿಯರ್.

ಚಿಕ್ಕಪ್ಪನ ಕಿವಿ ನೆಟ್ಟಗಾಯಿತು. "ಆಮೇಲೆ ಏನು ಮಾಡಿದ?"

ಬೊಂಬಾಯಿಯನ್ನು 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ, ವರ್ಷಕ್ಕೆ 10 ಪೌಂಡ್ ಬಾಡಿಗೆಗೆ. ಟ್ಯಾಂಜಿಯರ್‌ಗೆ ಸುರಿದ ದುಡ್ಡಿಗೆ ಲೆಕ್ಕವಿಲ್ಲ. ಬಂದರಿಗೆ ಒಂದು ದೊಡ್ಡ ಕಟ್ಟೆಯನ್ನೂ ಕಟ್ಟಿಸಿದ. ಕೊನೆಗೆ 1684ರಲ್ಲಿ ಆ ಕಟ್ಟೆಯನ್ನು ಇಂಗ್ಲಿಷರೇ ಒಡೆದುಹಾಕಿ ಜಾಗ ಖಾಲಿ ಮಾಡಿದರು.

ಚಿಕ್ಕಪ್ಪ ಸಮುದ್ರದ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಒಂದನ್ನು ಹತ್ತು ಪೌಂಡಿಗೆ ಬಾಡಿಗೆ ಕೊಟ್ಟ, ಇನ್ನೊಂದನ್ನು ಒಡೆದು ಓಡಿಹೋದ. ಇಂಥವನಿಗೆ ನಮ್ಮ ಬ್ರಾಂಚಲ್ಲಿ ಒಂದು ಕುರಿ ಸಾಲವೂ ಸಿಕ್ತಿರಲಿಲ್ಲ."

ಅಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಗೈಡ್ ತನ್ನ ಪರಿಚಯದ ಸಣ್ಣ ಊಟದ ಮನೆಗೆ ಕರೆದೊಯ್ದ. ನಮಗೆ ಮಾಂಸ ಬೇಡ ಅಂದಿದ್ದಕ್ಕೆ ಬಿಸ್ಸಾರಾ ತರಿಸಿದ. ಒಣಗಿದ ಫಾವಾ ಅವರೆಯ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ ಹಾಕಿದ ಗಟ್ಟಿ ಸಾರು. ಬಿಸಿಬಿಸಿಯಾಗಿ ಘಮಘಮ ಅನ್ನುತ್ತಿತ್ತು. ಚಿಕ್ಕಪ್ಪನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅನ್ನ ಬರಲಿ ಅಂತ ಕೈ ತೊಳೆದು ಕೂತರು. ಹುಡುಗ ಬುಟ್ಟಿ ತಂದಿಟ್ಟ. ಬುಟ್ಟಿಯ ತುಂಬ ಖೊಬ್ಜ್.

ಚಿಕ್ಕಪ್ಪನ ತಾಳ್ಮೆ ಅಲ್ಲಿಗೆ ಮುಗಿಯಿತು. ಬ್ಯಾಂಕಿನ ಇಂಗ್ಲಿಷಿನಲ್ಲಿ ಗೈಡ್‌ಗೆ ಪಾಠ ಶುರು ಮಾಡಿದರು. ನಿಮ್ಮ ಬತೂತ ನಮ್ಮೂರಲ್ಲಿ ಹನ್ನೊಂದು ತಿಂಗಳು ಬ್ರೆಡ್ಡೇ ಇಲ್ಲದೆ ಬರೀ ಅನ್ನ ತಿಂದು ಕೂತಿದ್ದೆ ಅಂತ ಬರೆದುಕೊಂಡಿದ್ದಾನೆ. ನಮ್ಮ ಕರಾವಳಿ, ಮಾಲ್ಡೀವ್ಸ್, ಸಿಂಹಳ ಅಂತ ಮೂರು ವರ್ಷ ಅನ್ನವೇ ತಿಂದು, ಕೊನೆಗೆ ನೀರು ಕುಡಿಯದೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಂತಲೂ ದೂರಿದ್ದಾನೆ. ಆದರೆ ಹೊನ್ನಾವರದ ಸುಲ್ತಾನನ ಮನೆಯಲ್ಲಿ ಅನ್ನದ ಮೇಲೆ ತುಪ್ಪ, ಪಕ್ಕಕ್ಕೆ ಕಾಳುಮೆಣಸಿನ ಉಪ್ಪಿನಕಾಯಿ, ಹಸಿ ಶುಂಠಿ, ನಿಂಬೆ, ಮಾವು. ಮಳೆಗಾಲ ಅಂತ ಕುಡಿಯಲು ಬಿಸಿನೀರು. ಅಷ್ಟೆಲ್ಲ ಮಾಡಿ ಹಾಕಿದ್ದೇವೆ. ಈಗ ನಮಗೆ ಒಂದು ಹೊತ್ತಿಗೆ ಒಂದು ಹಿಡಿ ಅನ್ನ ಹುಟ್ಟೂದಿಲ್ಲ ಅಂದ್ರೆ?

ಗೈಡ್ ಮೊದಲು ಜೋರಾಗಿ ನಕ್ಕ. ಆಮೇಲೆ ಗಂಭೀರವಾದ. "ಎರಡು ನಿಮಿಷ" ಅಂದು ಎದ್ದು ಅಡುಗೆಮನೆಗೆ ಹೋದ. ಒಳಗೆ ಜೋರು ಮಾತು, ನಗು, ಪಾತ್ರೆ ಸದ್ದು. ನಮ್ಮ ಬಿಸ್ಸಾರಾ ಆರಿತು. ನನ್ನ ಹೆಂಡತಿ ಎರಡನೇ ಖೊಬ್ಜ್ ಮುಗಿಸಿದಳು. ಕೊನೆಗೆ ಅಡುಗೆಯವಳೇ ಬೋಗುಣಿ ಹಿಡಿದು ಬಂದಳು. ಅನ್ನವೇನೋ ಹೌದು. ಆದರೆ ಹಾಲಿನಲ್ಲಿ ಬೇಯಿಸಿ, ಸಕ್ಕರೆ ಹಾಕಿ, ಮೇಲೆ ಚಕ್ಕೆ ಪುಡಿ ಉದುರಿಸಿದ ಅನ್ನ.

ಅವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು. ಗೈಡೂ ನಿಂತ. ಚಿಕ್ಕಪ್ಪ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, "ವೆರಿ ಗುಡ್" ಅಂದರು. ಆಮೇಲೆ ಮೇಜಿನ ಕೆಳಗೆ ಕೈಚೀಲದ ಜಿಪ್ ಎಳೆದು, ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಹೊರಗೆ ತೆಗೆದು, ನನ್ನ ಕಡೆ ಬಾಗಿದರು.

"ಅಪ್ಪಿ, ಊಟದ ಕೊನೆಗೆ ಮೊಸರು ಬಡಿಸ್ತಿದ್ರು ಅಂತಲೂ ಅವ ಬರೆದಿದ್ದಾನೆ. ಉಂಟಾ ಕೇಳು."