ಗೋಲಿಗೆ ಎರಡು ಡಾಲರ್

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಎಂಟೂವರೆಗೆ, ನ್ಯೂಜೆರ್ಸಿಯ ನಮ್ಮೂರಿನ ಮೈದಾನದ ಸಾಕರ್ ಪಂದ್ಯದಲ್ಲಿ, ಅಂದರೆ ನಮ್ಮ ಕಡೆಯ ಫುಟ್‌ಬಾಲಿನಲ್ಲಿ, ಏಳು ಮಕ್ಕಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಒಂದು ಚೆಂಡನ್ನು ಮುತ್ತಿಕೊಂಡು ಅತ್ತಿಂದಿತ್ತ ಓಡುತ್ತಿದ್ದರೆ, ಎಂಟನೆಯ ಆಟಗಾರನಾದ ನನ್ನ ಏಳು ವರ್ಷದ ಮಗ ನಟ್ಟನಡುವೆ ಕುಕ್ಕರಗಾಲಿನಲ್ಲಿ ಕುಳಿತು ಹೆಬ್ಬಾತುಗಳನ್ನು ನೋಡುತ್ತಿದ್ದ. ಕೆನಡಾ ಹೆಬ್ಬಾತುಗಳೆಂದು ಹೆಸರಿದ್ದರೂ ಕೆನಡಾಕ್ಕೆ ಹೋಗುವ ವಿಚಾರವನ್ನೇ ಕೈಬಿಟ್ಟು ನಮ್ಮ ರಾಜ್ಯದ ಮೈದಾನಗಳಲ್ಲೇ ವರ್ಷವಿಡೀ ಬೀಡುಬಿಟ್ಟಿರುವ ಈ ಹಕ್ಕಿಗಳು, ಆಟಗಾರರಿಗಿಂತ ಮೊದಲೇ ಬಂದು, ತಾವು ಬಂದುಹೋದದ್ದಕ್ಕೆ ಹುಲ್ಲಿನ ಮೇಲೆಲ್ಲ ಹಸಿರು ಗುರುತು ಬಿಟ್ಟು ಹೋಗುತ್ತವೆ. ಚೆಂಡು ಮಗನ ಮೊಣಕಾಲಿಗೆ ತಗುಲಿ ಎದುರು ತಂಡದ ಕಡೆಗೆ ಹೊರಳಿತು. ಅವನು ತಿರುಗಿಯೂ ನೋಡಲಿಲ್ಲ. ಪಕ್ಕದ ಮಡಚುಕುರ್ಚಿಯ ತಾಯಿಯೊಬ್ಬರು, ಮಕ್ಕಳ ಬಗ್ಗೆ ಬೇರೇನೂ ಹೇಳಲು ತೋಚದಾಗ ಈ ದೇಶದಲ್ಲಿ ಹೇಳುವಂತೆ, ಅವನು ಬಹಳ ಸೂಕ್ಷ್ಮವಾಗಿ ಗಮನಿಸುತ್ತಾನೆ ಎಂದರು.

ನೋಂದಣಿ ಶುಲ್ಕ ಕಟ್ಟಿ, ಮುಳ್ಳುಬೂಟು ಕೊಂಡು, ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಎಂಬ ಪ್ಲಾಸ್ಟಿಕ್ ಹಲಗೆಗಳನ್ನು ಮೂರು ಅಂಗಡಿ ಸುತ್ತಿ ಆರಿಸಿದ ತಂದೆಗೆ ಈ ಸೂಕ್ಷ್ಮತೆ ರುಚಿಸುವುದು ಕಷ್ಟ. ಅದೂ ಅಲ್ಲದೆ ಗೆರೆಯ ಆಚೆ ನಿಂತ ಉಳಿದ ತಂದೆತಾಯಿಯರ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಒಬ್ಬರು ಗೋಲಿಗೊಂದು ಐಸ್‌ಕ್ರೀಂ ಎಂದು ಸಾರಿದ್ದರು, ಇನ್ನೊಬ್ಬರು ಪೋಕೆಮಾನ್ ಕಾರ್ಡುಗಳ ಪೊಟ್ಟಣಕ್ಕೆ ಮಾತು ಕೊಟ್ಟಿದ್ದರು, ಮತ್ತೊಬ್ಬರು ಈ ಋತುವಿನಲ್ಲಿ ಹತ್ತು ಗೋಲು ಹೊಡೆದರೆ ನಾಯಿಮರಿ ತರುತ್ತೇನೆಂದು ದುಡುಕಿ ಹೇಳಿಬಿಟ್ಟು, ಮಗಳು ಏಳನೆಯ ಗೋಲು ಹೊಡೆದ ದಿನ ಚಪ್ಪಾಳೆ ತಟ್ಟುತ್ತಲೇ ಬಿಳಿಚಿಕೊಂಡಿದ್ದರು. ನಾನೂ ಇದಕ್ಕೆ ಹೊರಗಿನವನೇನಲ್ಲ. ಮೈಸೂರಿನಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಗ ಲೆಕ್ಕದಲ್ಲಿ ನೂರಕ್ಕೆ ನೂರು ಬಂದರೆ ಮಸಾಲೆದೋಸೆ ಎಂದು ಅಪ್ಪ ಮಾತು ಕೊಟ್ಟಿದ್ದರು. ತೊಂಬತ್ತೆಂಟು ಬಂತು. ಹೋಟೆಲಿಗೆ ಕರೆದುಕೊಂಡು ಹೋಗಿ ಖಾಲಿದೋಸೆ ಕೊಡಿಸಿದರು.

ನಮ್ಮ ಮನೆಯ ಮುಖ್ಯ ನಿರ್ಧಾರಗಳೆಲ್ಲ ಕಾರಿನಲ್ಲಿಯೇ ಆಗುತ್ತವೆ, ಏಕೆಂದರೆ ಅಲ್ಲಿಂದ ಯಾರೂ ಅರ್ಧಕ್ಕೆ ಎದ್ದು ಹೋಗುವಂತಿಲ್ಲ. ಮನೆಗೆ ಮರಳುವಾಗ ಸಿಗ್ನಲ್ಲಿನಲ್ಲಿ ನಿಂತು ಗೋಲಿಗೆ ಎರಡು ಡಾಲರ್ ಎಂದು ಘೋಷಿಸಿದೆ. ಹಿಂದಿನ ಸೀಟಿನಲ್ಲಿ ಮಗ ಮೌನವಾಗಿ ಆಲೋಚಿಸಿ, ಯಾವ ಕಡೆಯ ಗೋಲಾದರೂ ಆಗುತ್ತದೆಯೇ ಎಂದು ಕೇಳಿದ. ಆ ಪ್ರಶ್ನೆ ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಅವನ ಪಕ್ಕದಲ್ಲಿ ಕುಳಿತಿದ್ದ ಅಮ್ಮ, ಆರು ತಿಂಗಳಿಗೆಂದು ಬಂದು ನಾಲ್ಕು ತಿಂಗಳಾದರೂ ಡಾಲರನ್ನು ರೂಪಾಯಿಗೆ ತಿರುಗಿಸುವುದನ್ನು ಬಿಡದಿದ್ದವರು, ತಕ್ಷಣ ಲೆಕ್ಕ ಹಾಕಿ, “ಒಂದು ಸಲ ಒದ್ದರೆ ನೂರೈವತ್ತರ ಮೇಲಾಯಿತಲ್ಲೋ! ಅಷ್ಟಕ್ಕೆ ನಮ್ಮ ಬೀದಿಯ ಹುಡುಗರು ಇಡೀ ದಿನ ಒದೆಯುತ್ತಾರೆ” ಎಂದರು.

ಮುಂದಿನ ಶನಿವಾರ ಪವಾಡವೇ ನಡೆಯಿತು. ಹೆಬ್ಬಾತುಗಳ ಕಡೆಗೆ ಕಣ್ಣೆತ್ತಿಯೂ ನೋಡದೆ ಅವನು ಚೆಂಡಿನ ಹಿಂದೆ ಬಿದ್ದ. ಈ ವಯಸ್ಸಿನವರಿಗೆ ತಂಡಕ್ಕೆ ನಾಲ್ವರೇ ಆಟಗಾರರು, ಗೋಲ್‌ಕೀಪರ್ ಇಲ್ಲ, ಹತ್ತು ಹತ್ತು ನಿಮಿಷದ ನಾಲ್ಕು ಅವಧಿಗಳು. ಕಾಯುವವರಿಲ್ಲದ ಗೋಲಿಗೆ ನಾನು ಬೆಲೆ ಕಟ್ಟಿದ್ದು ಎಂಥ ವ್ಯವಹಾರವೆಂದು ಎರಡನೆಯ ಅವಧಿ ಮುಗಿಯುವಷ್ಟರಲ್ಲಿ ತಿಳಿಯಿತು. ಅವನು ಮೂರು ಗೋಲು ಹೊಡೆದ. ಮೊದಲನೆಯದನ್ನು ಎದುರಾಳಿಯಿಂದ ಕಿತ್ತುಕೊಂಡು ಹೊಡೆದ. ಎರಡನೆಯದನ್ನು, ಇನ್ನೇನು ಗೋಲು ಹೊಡೆಯಲಿದ್ದ ತನ್ನದೇ ತಂಡದ ಹುಡುಗಿಯನ್ನು ಭುಜದಿಂದ ಸರಿಸಿ ಹೊಡೆದ. ಮೂರನೆಯದು ಬೇರೆಯವರು ಒದ್ದ ಚೆಂಡು ಅವನ ಪೃಷ್ಠಕ್ಕೆ ತಗುಲಿ ಒಳಗೆ ಹೋದದ್ದು, ಮತ್ತು ಅದರ ಪಾವತಿಯ ಬಗ್ಗೆ ಮನೆಯಲ್ಲಿ ಊಟದ ತನಕ ವಾದ ನಡೆಯಿತು. ಆರು ಡಾಲರ್ ಎಣಿಸಿಕೊಂಡವನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಂಡ. ನಮ್ಮ ಲೀಗಿನಲ್ಲಿ ಇಷ್ಟು ಚಿಕ್ಕ ಮಕ್ಕಳ ಪಂದ್ಯಗಳಿಗೆ ಅಂಕವನ್ನೇ ಬರೆದಿಡುವುದಿಲ್ಲ. ಸೋಲುಗೆಲುವಿನ ಹೊರೆ ಅವರ ಮೇಲೆ ಬೀಳಬಾರದೆಂಬುದು ಅದರ ಹಿಂದಿನ ಆಶಯ. ಹೀಗಾಗಿ ಆ ಋತುವಿಗೆ ಸಂಬಂಧಿಸಿದಂತೆ ಇಡೀ ಲೀಗಿನಲ್ಲಿ ಉಳಿದಿರುವ ಏಕೈಕ ಲಿಖಿತ ದಾಖಲೆ ನನ್ನ ಮಗನ ವಸೂಲಿ ಪುಸ್ತಕ.

ಭುಜದಿಂದ ಸರಿಸಲ್ಪಟ್ಟ ಹುಡುಗಿಯ ತಂದೆ ನನ್ನತ್ತ ನೋಡಿದ ನೋಟ ನೆನಪಾಗಿ, ಆಟವೆಂದರೆ ಹಣವಲ್ಲ ಎಂಬುದನ್ನು ಮಗನಿಗೆ ಮನದಟ್ಟು ಮಾಡಿಸಲು ನಿರ್ಧರಿಸಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡದವರು ಬಹುಪಾಲು ಬರಿಗಾಲಿನಲ್ಲಿಯೇ ಕಣಕ್ಕಿಳಿದು ಫ್ರಾನ್ಸಿಗೆ ಸರಿಸಮನಾಗಿ ಸೆಣಸಿ 1-2ರಿಂದ ಸೋತದ್ದನ್ನು, ಗೋಲಿಗೆ ನೇರವಾಗಿ ಒದೆಯಲು ಸಿಕ್ಕಿದ ಎರಡು ಪೆನಾಲ್ಟಿ ಅವಕಾಶಗಳೂ ಕೈತಪ್ಪಿದ್ದನ್ನು, ಸ್ಟೀರಿಂಗ್ ಹಿಡಿದುಕೊಂಡೇ ಕಣ್ಣು ತೇವವಾಗುವಂತೆ ವರ್ಣಿಸಿದೆ. ಮಗ ನಿಜವಾಗಿಯೂ ಕಲಕಿಹೋದ. “ಎರಡು ಪೆನಾಲ್ಟಿ ಅಂದರೆ ನಾಲ್ಕು ಡಾಲರ್ ಹೋಯಿತಲ್ಲಪ್ಪಾ” ಎಂದ.

ಕಾನೂನಿಗೆ ತಿದ್ದುಪಡಿ ತರುವುದೊಂದೇ ದಾರಿ ಎನಿಸಿತು. ಗೋಲಿನ ದರವನ್ನು ಒಂದು ಡಾಲರಿಗೆ ಇಳಿಸಿ, ಸಹಆಟಗಾರರಿಗೆ ಕೊಡುವ ಪ್ರತಿಯೊಂದು ಪಾಸಿಗೆ ಐವತ್ತು ಸೆಂಟ್ ಎಂದು ನಿಗದಿಪಡಿಸಿದೆ. ತಂಡಭಾವನೆಗೆ ಬೆಲೆ ಕೊಟ್ಟೆನೆಂಬ ಹೆಮ್ಮೆಯಿಂದ ಕಾಫಿಯ ಫ್ಲಾಸ್ಕ್ ಹಿಡಿದು ಕುರ್ಚಿಯಲ್ಲಿ ಕುಳಿತೆ. ಪಂದ್ಯ ಶುರುವಾಗಿ ಐದು ನಿಮಿಷವಾಗಿರಬಹುದು, ಮಗ ಮತ್ತು ಅವನ ತಂಡದ ಇನ್ನೊಬ್ಬ ಹುಡುಗ ತಮ್ಮ ಗೋಲಿನ ಬಳಿಯೇ ಎರಡು ಅಡಿ ಅಂತರದಲ್ಲಿ ಎದುರುಬದುರು ನಿಂತು, ಚೆಂಡನ್ನು ಅವನು ಇವನಿಗೆ, ಇವನು ಅವನಿಗೆ, ತೊಟ್ಟಿಲು ತೂಗಿದಂತೆ ನಿಧಾನವಾಗಿ ತಳ್ಳತೊಡಗಿದರು. ಮಗನ ತುಟಿ ಅಲುಗುತ್ತಿದ್ದುದನ್ನು ಕಂಡು ಅವನು ಎಣಿಸುತ್ತಿದ್ದಾನೆಂದು ನನಗೆ ಖಚಿತವಾಯಿತು. ಎದುರು ತಂಡದವರು ಮೇಲೆ ಬೀಳಬೇಕಿತ್ತು ನಿಜ, ಆದರೆ ಅವರೂ ಏಳು ವರ್ಷದವರೇ. ಇದು ಯಾವುದೋ ಹೊಸ ಆಟವೆಂದು ಬೆರಗಾಗಿ ನಿಂತು ನೋಡಿದರು. ಹನ್ನೊಂದು ಪಾಸುಗಳಾದವು. ಒಳಗುಟ್ಟು ತಿಳಿಯದ ನಮ್ಮ ಕೋಚ್, ವಾರದ ದಿನಗಳಲ್ಲಿ ಹಲ್ಲಿನ ವೈದ್ಯರಾಗಿದ್ದು ಶನಿವಾರ ಸಂಬಳವಿಲ್ಲದೆ ಸೀಟಿ ಊದುವ ಸಜ್ಜನರು, ಪಾಸುಗಳ ಆಟಕ್ಕೆ ಹೆಸರಾದ ಸ್ಪೇನಿನ ತಂಡವನ್ನು ನೆನೆದು “ಬಾರ್ಸಿಲೋನಾ!” ಎಂದು ಕೂಗಿ ಎರಡೂ ಕೈ ಮೇಲೆತ್ತಿದರು. ಆ ಇನ್ನೊಬ್ಬ ಹುಡುಗನಿಗೆ ಪಾಸೊಂದಕ್ಕೆ ಹತ್ತು ಸೆಂಟ್ ಉಪಗುತ್ತಿಗೆ ಗೊತ್ತಾಗಿತ್ತೆಂಬುದು ಸಂಜೆ ತಿಳಿಯಿತು.

ಮಗನನ್ನು ಬೈಯುವ ಹಾಗಿರಲಿಲ್ಲ, ಏಕೆಂದರೆ ಅವನಿಗೆ ಈ ಬುದ್ಧಿ ಎಲ್ಲಿಂದ ಬಂತೆಂಬುದು ನನಗೆ ಗೊತ್ತಿತ್ತು. ನಮ್ಮ ಕಚೇರಿಯಲ್ಲಿ ಒಂದು ವರ್ಷ ಮುಗಿಸಿದ ದೂರುಗಳ ಸಂಖ್ಯೆಯ ಮೇಲೆ ಬೋನಸ್ ಎಂದು ಹೇಳಿದ್ದಾಗ, ಒಂದೇ ದೂರನ್ನು ನಾಲ್ಕು ತುಂಡು ಮಾಡಿ ನಾಲ್ಕನ್ನೂ ಮುಗಿಸಿದವನು ನಾನು.

ಇಷ್ಟರಲ್ಲಿ ಅಮ್ಮ ಕಣಕ್ಕಿಳಿದರು. ಅವರಿಗೆ ಸಾಕರ್ ಎಂಬುದು ಎಂಟು ಮಕ್ಕಳು ಬೀಳುವುದಕ್ಕೆಂದೇ ಏರ್ಪಡಿಸಿದ ಕಾರ್ಯಕ್ರಮದಂತೆ ಕಾಣುತ್ತಿತ್ತು. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್, ತಲೆಗೆ ಮಂಕಿ ಕ್ಯಾಪ್ ಧರಿಸಿ ಗೆರೆಯ ಪಕ್ಕದಲ್ಲಿ ಕುಳಿತು, ಯಾವ ಮಗು ಬಿದ್ದರೂ “ಅಯ್ಯೋ ಕಂದಾ” ಎಂದು ಅರ್ಧ ಎದ್ದು ನಿಲ್ಲುತ್ತಿದ್ದರು. ಸಣ್ಣ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು ಇಲ್ಲಿನ ಸಾಕರ್ ಒಕ್ಕೂಟ 2015ರಲ್ಲಿಯೇ ನಿಷೇಧಿಸಿದೆ, ಭಯವೇನಿಲ್ಲ ಎಂದು ನಾನು ಸಮಾಧಾನ ಹೇಳಿದರೆ, “ಮಂಡಿಗೆ ಯಾವ ಕಾನೂನು ಮಾಡಿದ್ದಾರೆ?” ಎಂದು ಕೇಳಿದರು. ಕೊನೆಗೆ ನನಗೆ ತಿಳಿಯದಂತೆ, ಬೀಳದೆ ಮನೆಗೆ ಬಂದರೆ ಐದು ಡಾಲರ್ ಎಂದು ಮೊಮ್ಮಗನಿಗೆ ಹೇಳಿಬಿಟ್ಟರು. ಅದೇ ವಾರ ನನ್ನ ಹೆಂಡತಿಯೂ, ಹೆಬ್ಬಾತುಗಳ ಹಸಿರು ಕಲೆಯನ್ನು ಬಿಳಿಯ ಕಾಲುಚೀಲದಿಂದ ಉಜ್ಜಿ ಉಜ್ಜಿ ಬೇಸತ್ತು, ಕಾಲುಚೀಲ ಕೊಳೆಯಾಗದಿದ್ದರೆ ಮೂರು ಡಾಲರ್ ಎಂದು ಮಾತು ಕೊಟ್ಟಿದ್ದಳು. ಒಂದೇ ಮನೆಯಲ್ಲಿ ಮೂರು ಇಲಾಖೆಗಳು ಒಂದಕ್ಕೊಂದು ತಿಳಿಸದೆ ಆದೇಶ ಹೊರಡಿಸಿದರೆ ಏನಾಗುತ್ತದೆಂಬುದನ್ನು ಶನಿವಾರ ಕಣ್ಣಾರೆ ಕಂಡೆ.

ಮಗ ಮೈದಾನದ ಮೂಲೆಯಲ್ಲಿ, ಹುಲ್ಲು ಒಣಗಿದ್ದ ಒಂದು ತುಂಡು ಜಾಗವನ್ನು ಆರಿಸಿಕೊಂಡು, ಅಜ್ಜಿಯ ಕುರ್ಚಿಗೆ ಹತ್ತಿರವಾಗಿ, ಕೈ ಕಟ್ಟಿ ನಿಂತ. ಚೆಂಡು ಹತ್ತಿರ ಬಂದಾಗ ಮದುವೆಮನೆಯಲ್ಲಿ ಬಡಿಸುವವರಿಗೆ ದಾರಿ ಬಿಡುವಂತೆ ವಿನಯದಿಂದ ಒಂದು ಹೆಜ್ಜೆ ಸರಿದು ನಿಂತ. ಎದುರಾಳಿಯೊಬ್ಬ ಓಡಿಬಂದರೆ ಅವನಿಗೂ ದಾರಿ ಬಿಟ್ಟ. ನಲವತ್ತು ನಿಮಿಷವೂ ಹಾಗೆಯೇ ಕಳೆದು, ಅಂಗಿಯ ಇಸ್ತ್ರಿಯೂ ಮುರಿಯದಂತೆ ಹೊರಗೆ ಬಂದು, ಕಾರಿನ ಬಾಗಿಲು ತೆರೆಯುವ ಮೊದಲೇ ಒಂದೊಂದು ಕಾಲನ್ನೂ ಮೇಲೆತ್ತಿ ತಾಯಿಗೆ ಕಾಲುಚೀಲ ತೋರಿಸಿದ. ನಾನು ರೇಗಿದಾಗ ಅವನು ನೋಟ್‌ಬುಕ್ ತೆರೆದು ಶಾಂತನಾಗಿ ವಿವರಿಸಿದ: ಗೋಲು ಹೊಡೆದರೆ ಒಂದು ಡಾಲರ್ ಸಿಗಬಹುದು ಅಥವಾ ಸಿಗದಿರಬಹುದು, ನಿಂತರೆ ಎಂಟು ಡಾಲರ್ ಖಂಡಿತ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ನೋಟ್‌ಬುಕ್ಕನ್ನು ಎರಡು ಸಲ ನೋಡಿ, “ರೀ, ಅವನ ಲೆಕ್ಕ ಸರಿಯಾಗಿದೆ” ಎಂದಳು.

ಅದೇ ರಾತ್ರಿ ಅವಳು ಮಲಗುವ ಮುಂಚೆ ನನಗೆ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಓದಿ ಹೇಳಿದಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಮನಶ್ಶಾಸ್ತ್ರಜ್ಞರು ಆರಿಸಿಕೊಂಡರಂತೆ. ಚಿತ್ರ ಬರೆದರೆ ಚಿನ್ನದ ನಕ್ಷತ್ರ, ಕೆಂಪು ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆಂದು ಕೆಲವರಿಗೆ ಮೊದಲೇ ಹೇಳಿದರು, ಕೆಲವರಿಗೆ ಹೇಳದೆಯೇ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಬಳಿಕ ನೋಡಿದರೆ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ನಾನು ಒಪ್ಪಲಿಲ್ಲ. ಆ ಮಕ್ಕಳಿಗೆ ಕಳೆದುಕೊಳ್ಳಲು ಪ್ರೀತಿಯಾದರೂ ಇತ್ತು, ನಮ್ಮವನಿಗೆ ಸಾಕರಿನ ಮೇಲೆ ಏನಿತ್ತು ಎಂದು ವಾದಿಸಿದೆ. ಅವಳು ದೀಪ ಆರಿಸಿ, “ಹೆಬ್ಬಾತಿನ ಮೇಲೆ ಇದೆಯಲ್ಲ. ಒಂದು ಹೆಬ್ಬಾತು ನೋಡಿದರೆ ಒಂದು ಡಾಲರ್ ಎಂದು ಹೇಳಿ ನೋಡಿ, ಎರಡೇ ವಾರಕ್ಕೆ ನೋಡುವುದನ್ನು ಬಿಟ್ಟು ಚೆಂಡಿನ ಕಡೆ ತಿರುಗುತ್ತಾನೆ” ಎಂದಳು.

ಕತ್ತಲಲ್ಲಿ ಬಹಳ ಹೊತ್ತು ಯೋಚಿಸಿದಾಗ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಆದರೆ ಮುಂದಿನ ವಾರ ಮೈದಾನಕ್ಕೆ ಹೋಗಿ ಎಣಿಸಿದರೆ ಮೂವತ್ತೆಂಟು ಹೆಬ್ಬಾತುಗಳಿದ್ದವು. ಯೋಜನೆಯನ್ನು ಕೈಬಿಟ್ಟೆ.

ಹಳೆಯ ಬಾಕಿ ಹದಿನಾಲ್ಕೂವರೆ ಡಾಲರನ್ನು ತೀರಿಸಿ, ಇನ್ನು ಯಾವುದಕ್ಕೂ ಯಾರೂ ಏನೂ ಕೊಡತಕ್ಕದ್ದಲ್ಲ ಎಂದು ಮನೆಮಂದಿಯ ಸಭೆಯಲ್ಲಿ ನಿರ್ಣಯವಾಯಿತು. ಅಮ್ಮ ಮಾತ್ರ ಕೈ ಎತ್ತಲಿಲ್ಲ.

ಅಕ್ಟೋಬರ್ ಕೊನೆಯ ಶನಿವಾರ ಮೈದಾನದ ಬಾಗಿಲಲ್ಲಿ ಲೀಗಿನ ಸ್ವಯಂಸೇವಕಿಯೊಬ್ಬರು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿದ್ದರು. ಈ ದೇಶದ ಅನೇಕ ಲೀಗುಗಳಲ್ಲಿ ವರ್ಷಕ್ಕೊಮ್ಮೆ ಮೌನ ಶನಿವಾರವೆಂದು ಆಚರಿಸುತ್ತಾರೆ. ಅಂದು ಗೆರೆಯಾಚೆಯಿಂದ ತಂದೆತಾಯಿಯರು ಕೂಗಬಾರದು, ಸೂಚನೆ ಕೊಡಬಾರದು, ರೆಫರಿಯೊಂದಿಗೆ ವಾದಿಸಬಾರದು. ಚಪ್ಪಾಳೆಗೆ ಮಾತ್ರ ಅನುಮತಿ. ಬಾಯಿ ಮುಚ್ಚಿಕೊಂಡಿರಲು ಅನುಕೂಲವಾಗಲೆಂದು ಪ್ರತಿಯೊಬ್ಬರಿಗೂ ಒಂದೊಂದು ಲಾಲಿಪಾಪ್ ಕೊಡುತ್ತಾರೆ. ಸಾಫ್ಟ್‌ವೇರಿನವರು, ವಕೀಲರು, ವಾರವಿಡೀ ನೂರಾರು ಜನರನ್ನು ನಡುಗಿಸುವ ಅಧಿಕಾರಿಗಳೆಲ್ಲ ಸಾಲಾಗಿ ಕೈಚಾಚಿ ಪಡೆದುಕೊಂಡರು. ನಾನು ಕಿತ್ತಳೆ ಬಣ್ಣದ್ದನ್ನು ಆರಿಸಿಕೊಂಡೆ. ಅಮ್ಮ ತಮ್ಮದನ್ನು ಸೆರಗಿನ ಅಂಚಿಗೆ ಗಂಟುಹಾಕಿಕೊಂಡು, ಕನ್ನಡ ಇಲ್ಲಿ ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ಈ ನಿಯಮ ತಮಗೆ ಅನ್ವಯಿಸುವುದಿಲ್ಲವೆಂದು ತೀರ್ಮಾನಿಸಿದರು.

ಮೊದಲ ಅವಧಿಯನ್ನು ನಾನು ಗೌರವಯುತವಾಗಿ ಚೀಪುತ್ತ ಕಳೆದೆ. ರಾತ್ರಿ ಮಳೆಯಾಗಿ ಗೋಲಿನ ಮುಂದೆ ಕೆಸರು ನಿಂತಿತ್ತು. ಎರಡನೆಯ ಅವಧಿಯಲ್ಲಿ ಚೆಂಡು ಆ ಕೆಸರಿನಲ್ಲಿ ಸಿಕ್ಕಿಕೊಂಡಾಗ, ಯಾರೂ ಒಂದು ಸೆಂಟನ್ನೂ ಘೋಷಿಸದಿದ್ದ ನನ್ನ ಮಗ ಅದೆಲ್ಲಿಂದಲೋ ಓಡಿಬಂದು, ಕಾಲುಜಾರಿ, ಕುಳಿತಲ್ಲಿಂದಲೇ ಒದ್ದ. ಚೆಂಡು ಗೋಲಿನ ಕಡೆಗೆ ಹೊರಟು, ಕಂಬದ ಹತ್ತಿರ ನಿಧಾನವಾಗಿ ನಿಂತಿತು. ಕಟಕ್ಕೆಂದು ಲಾಲಿಪಾಪನ್ನು ಕಡಿದು, “ಎದ್ದೇಳೋ! ಬಲಗಾಲು! ಬಲಗಾಲು!” ಎಂದು ನಾನು ಕೂಗಿದ್ದು ಪಕ್ಕದ ಮೈದಾನದವರೂ ತಿರುಗಿ ನೋಡುವಂತಿತ್ತೆಂದು ಆಮೇಲೆ ಹೆಂಡತಿ ಹೇಳಿದಳು. ಅವನು ನನ್ನತ್ತ ತಿರುಗಿ, ಕೆಸರಾದ ಬೆರಳನ್ನು ತುಟಿಯ ಮೇಲಿಟ್ಟುಕೊಂಡ. ಅಷ್ಟರಲ್ಲಿ ಬೇರೆಯವರು ಬಂದು ಚೆಂಡನ್ನು ಒದ್ದುಕೊಂಡು ಹೋದರು.

ಕಾರಿನಲ್ಲಿ ಅಮ್ಮ ಸೆರಗಿನ ಗಂಟು ಬಿಚ್ಚಿ ತಮ್ಮ ಲಾಲಿಪಾಪನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ಬಾಯಿಗಿಟ್ಟುಕೊಂಡು, ಸೀಟಿನ ಹಿಂದಿನ ಜೇಬಿನಿಂದ ನೋಟ್‌ಬುಕ್ ತೆಗೆದು ಹೊಸ ಪುಟದಲ್ಲಿ ಏನೋ ಬರೆದ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂತಿರುಗಿ ನೋಡಿದೆ. ಕೆಸರಿನ ಬೆರಳಚ್ಚಿನ ಕೆಳಗೆ ಅವನ ಇಂಗ್ಲಿಷಿನಲ್ಲಿ ಬರೆದಿದ್ದುದರ ತಾತ್ಪರ್ಯ ಇಷ್ಟು: ಅಪ್ಪ, ಒಂದು ಲಾಲಿಪಾಪ್, ಕಿತ್ತಳೆ. ಎರಡನೆಯ ಅವಧಿಯಲ್ಲಿ ಕೂಗಿದರು. ವಾಪಸ್ ಕೊಡಬೇಕು.