ರೀ ಡೆವಲಪ್‌ಮೆಂಟ್, ಸ್ವಲ್ಪ ಇಲ್ಲಿ ಬರ್ರೀ

ನಮ್ಮ ಸೊಸೈಟಿ ನೋಟಿಸ್ ಬೋರ್ಡಿನಲ್ಲಿ ಮೊನ್ನೆ ಹೊಸ ಕಾಗದ ಬಿತ್ತು. ಮುಂಬಯಿಯ ಅಂಧೇರಿ ಪೂರ್ವದಲ್ಲಿ ನಮ್ಮದು ನಾಲ್ಕು ಮಹಡಿಯ ಹಳೇ ಕಟ್ಟಡ. ಲಿಫ್ಟ್ ಇಲ್ಲ. ಮೂರನೇ ಮಹಡಿಯ ಮೆಟ್ಟಿಲು ತಿರುವಿನಲ್ಲಿ ಒಂದು ನೀಲಿ ಬಕೆಟ್ ಮಾತ್ರ ಇದೆ, ಯಾಕಂದ್ರೆ ಅಲ್ಲಿ ಸ್ಲ್ಯಾಬ್ ಸೋರುತ್ತೆ. ಕಾಗದದಲ್ಲಿ ಒಂದೇ ವಾಕ್ಯದೊಳಗೆ ರೀಡಿಸೈನ್, ರೀವ್ಯಾಂಪ್, ರೀಇಮ್ಯಾಜಿನ್ ಮೂರೂ ಇದ್ದವು. ಹುಬ್ಬಳ್ಳಿಯಿಂದ ಬಂದಿರುವ ಅಮ್ಮ ನನ್ನ ಕೈಲಿ ಅದನ್ನು ಎರಡು ಸಲ ಓದಿಸಿ ಕೇಳಿದಳು: "ಯಾರಿಗ್ ಇಷ್ಟು ಮರ್ಯಾದಿ ಕೊಟ್ಟು ಕರಿಯಾಕತ್ತಾರಪಾ?"

ಅವಳ ಕಿವಿಗೆ ಬಿದ್ದದ್ದು ಇಂಗ್ಲಿಷಿನ ರೀ ಅಲ್ಲ, ನಮ್ಮ ರೀ. ಹೌದ್ರೀ, ಬರ್ರೀ, ಕೇಳ್ರೀ ಅನ್ನೋ ರೀ. ಆಮೇಲೆ ನನಗೂ ಅದು ಹಾಗೇ ಕೇಳಿಸೋಕೆ ಶುರುವಾಯಿತು. ರೀ ಡಿಸೈನ್, ಎಲ್ಲಿದೀರಿ? ರೀ ಡೆವಲಪ್‌ಮೆಂಟ್, ಒಂದ್ನಿಮಿಷ ಬರ್ರೀ. ಅಲ್ಲ, ಇಷ್ಟು ವರ್ಷ ಇಷ್ಟು ಗೌರವದಿಂದ ಕರೆದರೂ ಒಬ್ಬರೂ ತಿರುಗಿ ನೋಡಿಲ್ಲ ಅಂದ್ರೆ ಏನರ್ಥ?

ನಾವು ಈ ಮನೆಗೆ ಬಂದಾಗ ಆ ಸ್ಲ್ಯಾಬಿಗೆ ಬೇಕಾದದ್ದು 'ರಿಪೇರಿ'. ಅದು ಆಗಲಿಲ್ಲ. ಮುಂದೆ ಬಂದ ಕಮಿಟಿ ಅದನ್ನು 'ರಿನೋವೇಶನ್' ಅಂತ ಕರೆಯಿತು, ಜೊತೆಗೆ ಮೇಂಟೆನೆನ್ಸ್ ಏರಿಸಿತು. ಕಟ್ಟಡಕ್ಕೆ 30 ವರ್ಷ ದಾಟಿದ ಮೇಲೆ ಮುಂಬಯಿಯ ನಿಯಮದಂತೆ ಸ್ಟ್ರಕ್ಚರಲ್ ಆಡಿಟ್, ಅಂದ್ರೆ ಕಟ್ಟಡ ಗಟ್ಟಿ ಇದೆಯಾ ಅನ್ನೋ ತಪಾಸಣೆ, ಮಾಡಿಸಬೇಕಲ್ಲ, ಮಾಡಿಸಿದರು. ಆಡಿಟ್‌ನವರು ಬಂದು ಸುತ್ತಿಗೆಯಲ್ಲಿ ಕುಟ್ಟಿ, ಫೋಟೋ ತೆಗೆದು, ಬಕೆಟ್ಟಿನ ಪಕ್ಕದಿಂದ ದಾಟಿ ಇಳಿದು ಹೋದರು. ವರದಿಯಲ್ಲಿ 'ರೀಟ್ರೋಫಿಟ್' ಅಂತ ಬಂತು, ಹಳೇ ಕಟ್ಟಡಕ್ಕೆ ಬಲ ತುಂಬೋದಂತೆ. ಅದನ್ನು ಉಚ್ಚರಿಸೋದು ಹೇಗೆ ಅಂತ ಕಲಿಯುವಷ್ಟರಲ್ಲಿ ಬಿಲ್ಡರ್ ಕಡೆಯವರು ಬಣ್ಣದ ಪುಸ್ತಕ ಹಿಡಿದು ಬಂದರು, ಅಲ್ಲಿಗೆ ಶಬ್ದ 'ರೀಡೆವಲಪ್‌ಮೆಂಟ್' ಆಯಿತು, ಅಂದ್ರೆ ಇದ್ದದ್ದನ್ನು ಕೆಡವಿ ಹೊಸದು ಕಟ್ಟೋದು. ಹಿಂದೆಲ್ಲ ಇಂಥ ಕೆಲಸಕ್ಕೆ ಸೊಸೈಟಿಯ ನೂರಕ್ಕೆ 75 ಜನ ಒಪ್ಪಬೇಕಿತ್ತು, 2019ರಲ್ಲಿ ಸರ್ಕಾರ ಅದನ್ನು 51ಕ್ಕೆ ಇಳಿಸಿತು. ನಮ್ಮ ಜನರಲ್ ಬಾಡಿಯಲ್ಲಿ ನೂರಕ್ಕೆ ನೂರು ಒಪ್ಪಿಗೆ ಸಿಗೋದು ಸಮೋಸಕ್ಕೆ ಮಾತ್ರ. ಎರಡನೇ ಮಹಡಿಯ ಕುಂದಾಪುರದ ಹೋಟೆಲಿನವರು ಒಮ್ಮೆ ಎದ್ದು ನಿಂತು ಹೇಳಿದರು, ಊರಲ್ಲಿ ಮಳೆಗೆ ಮೊದಲು ಮಾಡು ಹತ್ತಿ ಒಡೆದ ಹೆಂಚು ಬದಲಾಯಿಸ್ತೇವೆ, ಮಧ್ಯಾಹ್ನ ಊಟಕ್ಕೆ ಇಳೀತೇವೆ, ಇದಕ್ಕೆ ಹೆಸರು ಯಾಕೆ ಬೇಕು ಅಂತ. ಅವರ ಮಾತನ್ನು ಮಿನಿಟ್ಸ್‌ನಲ್ಲಿ 'ಸದಸ್ಯರೊಬ್ಬರ ಸಲಹೆ' ಎಂದು ಬರೆದುಕೊಂಡರು.

ಈ ಶಬ್ದಗಳಲ್ಲಿ ನನಗೆ ತುಂಬ ಇಷ್ಟ ರೀವ್ಯಾಂಪ್. ವ್ಯಾಂಪ್ ಅಂದ್ರೆ ಹಳೇ ಹಿಂದಿ ಸಿನಿಮಾದ ಕ್ಯಾಬರೆ ಹೆಂಗಸು ಅಂದ್ಕೊಂಡಿದ್ದೆ. ಅಲ್ಲವಂತೆ, ಅದು ಬೂಟಿನ ಮುಂಭಾಗದ ಮೇಲ್ಚರ್ಮ, ಫ್ರೆಂಚಿನಲ್ಲಿ 'ಪಾದದ ಮುಂದೆ' ಅನ್ನೋ ಪದದಿಂದ ಸವೆದು ಬಂದದ್ದು. ಅದನ್ನು ಕಿತ್ತು ಹೊಸದು ಹೊಲಿದರೆ ರೀವ್ಯಾಂಪ್. ಅಂದರೆ ಪವರ್‌ಪಾಯಿಂಟಿನಲ್ಲಿ ಸೂಟು ಹಾಕಿಕೊಂಡು ಹೇಳುವ ಈ ಮಾತು ಮೋಚಿಯದು! ರೀಫರ್ಬಿಶ್‌ನ ಕಥೆಯೂ ಇಷ್ಟೇ, ತುಕ್ಕು ಹಿಡಿದದ್ದನ್ನು ಉಜ್ಜಿ ಹೊಳಪು ಮಾಡೋದು. ನಮ್ಮ ಕಲಾಯಿಯವನ ಅಣ್ಣ ಅನ್ನಿ. ಓವರ್‌ಹಾಲ್ ಹಡಗಿನವರದು, ಹಗ್ಗ ಸಡಿಲಿಸುವ ಕೆಲಸ. ಎಲ್ಲ ಕೈಗೆ ಕೊಳೆ ಆಗುವ ಶಬ್ದಗಳು, ಈಗ ಎಸಿ ರೂಮಿಗೆ ಹೋಗಿ ಕೆಟ್ಟಿವೆ.

ಮೋಚಿ ಅಂದ ಮೇಲೆ ನೆನಪಾಯಿತು. ಅಂಧೇರಿ ಸ್ಟೇಷನ್ ಹೊರಗೆ ಕೂರುವ ಅಜ್ಜನ ಹತ್ತಿರ ಕಳೆದ ವಾರ ಚಪ್ಪಲಿ ಕೊಟ್ಟೆ. ಅವನು ಬಾರು ಎಳೆದು ನೋಡಿದ, ನನ್ನ ಕಾಲ ಕೆಳಗೆ ಒಂದು ರಟ್ಟಿನ ತುಂಡು ತಳ್ಳಿದ, ದಾರಕ್ಕೆ ಮೇಣ ಸವರಿ ಏಳು ಹೊಲಿಗೆ ಹಾಕಿದ, ಹಲ್ಲಲ್ಲಿ ದಾರ ಕಡಿದ. "ಹೋ ಗಯಾ." ಮೂವತ್ತು ರೂಪಾಯಿ. ನನ್ನ ವಿಷನ್ ಏನು ಅಂತ ಅವನು ಕೇಳಲೇ ಇಲ್ಲ.

ಅಲ್ಲಿಂದ ನಡೆದರೆ ಅಂಧೇರಿಯ ಪೂರ್ವ, ಪಶ್ಚಿಮ ಕೂಡಿಸೋ ಗೋಖಲೆ ಸೇತುವೆ. ಅದರ ಕಥೆ ಗೊತ್ತಲ್ವಾ? 2018ರ ಜುಲೈಯಲ್ಲಿ ಸೇತುವೆಯ ಒಂದು ಭಾಗ ರೈಲ್ವೆ ಹಳಿ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಇಡೀ ಸೇತುವೆ ಮುಚ್ಚಿದರು, ಪೂರ್ವದವರು ಪಶ್ಚಿಮಕ್ಕೆ ಹೋಗೋದು ಬೇರೆ ಊರಿಗೆ ಹೋದಂತಾಯಿತು. 2024ರ ಫೆಬ್ರುವರಿಯಲ್ಲಿ ಹೊಸ ಸೇತುವೆಯ ಅರ್ಧ ತೆರೆಯಿತು. ಆವತ್ತು ಊರಿಗೆಲ್ಲ ಕಂಡದ್ದೇನು? ಪಕ್ಕದ ಬರ್ಫಿವಾಲಾ ಫ್ಲೈಓವರ್ ಇದಕ್ಕೆ ಕೂಡಬೇಕಿತ್ತು, ಆದರೆ ಹೊಸದು ಮೇಲೆ, ಹಳೆಯದು ಕೆಳಗೆ, ನಡುವೆ ಸುಮಾರು ಆರಡಿ ಗಾಳಿ ಅಂತ ಪತ್ರಿಕೆಗಳು ಬರೆದವು. ಹಳಿಯ ಮೇಲಿನ ಎತ್ತರಕ್ಕೆ ರೈಲ್ವೆಯ ಹೊಸ ಲೆಕ್ಕ ಬಂದಿತ್ತಂತೆ. ಬಂದಿರಲಿ, ಬಾಗಿಲು ಎತ್ತರಿಸುವ ಮೊದಲು ಮೆಟ್ಟಿಲು ನೋಡೋದು ಹಳ್ಳಿ ಗೌಂಡಿಗೂ ಗೊತ್ತಿರುತ್ತೆ. ಕೊನೆಗೆ ಫ್ಲೈಓವರಿನ ತುದಿಗೆ ಜಾಕ್ ಕೊಟ್ಟು, ಪಂಕ್ಚರ್ ಆದ ಲಾರಿ ಎತ್ತುವಂತೆ ಎತ್ತಿ, ಜುಲೈಯಲ್ಲಿ ಜೋಡಿಸಿದರು. ಇದಕ್ಕೂ ಒಂದು ಚಂದದ ಶಬ್ದ ಇತ್ತು, ರೀಅಲೈನ್‌ಮೆಂಟ್. ಎರಡು ಸೇತುವೆಗೂ ಮರ್ಯಾದೆ ಕೊಟ್ಟು ಮಾತಾಡಿಸಿದ ಹಾಗೆ: ರೀ ಅಲೈನ್‌ಮೆಂಟ್, ನೀವು ಸ್ವಲ್ಪ ಮೇಲೆ ಬರ್ರೀ.

ಧಾರಾವಿಯದು ಹೇಳೋದೇ ಬೇಡ. 2004ರಲ್ಲಿ ಆ ಕೊಳೆಗೇರಿಯ ರೀಡೆವಲಪ್‌ಮೆಂಟ್ ಯೋಜನೆ ಒಪ್ಪಿದರು, ಟೆಂಡರ್ ಕರೆದರು, ರದ್ದು ಮಾಡಿದರು, 2022ರಲ್ಲಿ ಮತ್ತೆ ಕರೆದರು. ಯೋಜನೆ ಒಪ್ಪಿದ ವರ್ಷ ಹುಟ್ಟಿದ ಮಗು ಈಗ ಓಟು ಹಾಕಿ ಬಂದಿದೆ. ಅಲ್ಲಿನ ಗಲ್ಲಿಗಳಲ್ಲಿ ಚರ್ಮದ ಕೆಲಸ ಮಾಡುವವರು ಮಾತ್ರ ದಿನಾ ಕುಳಿತು ಚರ್ಮ ಕತ್ತರಿಸಿ ಹೊಲಿಯುತ್ತಾರೆ. ನಿಜವಾದ ರೀವ್ಯಾಂಪ್ ಗೊತ್ತಿರುವ ಜನರಿಗೇ ರೀವ್ಯಾಂಪ್ ಮಾಡ್ತೀವಿ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾ ಬಂದಿದ್ದಾರೆ.

ನಮ್ಮ ಹೊಸ ನೋಟಿಸಿನ ಬಗ್ಗೆ ಭಾನುವಾರ ಮೀಟಿಂಗ್ ಆಯಿತು. ರೀಇಮ್ಯಾಜಿನ್ ಅಂದ್ರೆ ಏನು ಅಂತ ಕೇಳಿದೆ. ಕಟ್ಟಡವನ್ನು ಹೊಸದಾಗಿ ಕಲ್ಪಿಸಿಕೊಳ್ಳೋದು ಅಂದರು. ಅದನ್ನು ನಾವು ಮೊದಲಿನಿಂದಲೂ ಮಾಡ್ತಾ ಇದೀವಲ್ಲ, ಮಳೆ ಬಂದಾಗಲೆಲ್ಲ. ಒಂದೂವರೆ ಗಂಟೆ ಚರ್ಚೆಯಾಗಿ, ಇಡೀ ವಿಷಯವನ್ನು ದೀಪಾವಳಿ ಆದ ಮೇಲೆ 'ರೀವಿಸಿಟ್' ಮಾಡೋದು ಅಂತ ತೀರ್ಮಾನಿಸಿ ಸಮೋಸ ತಿಂದು ಎದ್ದೆವು.

ಮೆಟ್ಟಿಲು ಹತ್ತುವಾಗ ನೋಡಿದೆ, ನೀಲಿ ಬಕೆಟ್ ತಳ ಸೀಳಿತ್ತು. ನೀರು ಹರಿದು ಕೆಳಗಿನ ಮಹಡಿವರೆಗೂ ಹೋಗಿತ್ತು. ಸಂಜೆ ಅಮ್ಮ ಕೆಳಗಿಳಿದು ಪ್ಲಾಸ್ಟಿಕ್ ಅಂಗಡಿಯಿಂದ ಒಂದು ಕೆಂಪು ಬಕೆಟ್ ತಂದು ಅಲ್ಲಿಟ್ಟಳು. ಇವತ್ತು ಬೆಳಿಗ್ಗೆ ಬೋರ್ಡಿನಲ್ಲಿ ಸೆಕ್ರೆಟರಿ ಸಹಿ ಇರುವ ಚಿಕ್ಕ ಕಾಗದ ಇದೆ: ಮೂರನೇ ಮಹಡಿಯ ರೀಪ್ಲೇಸ್‌ಮೆಂಟ್ ಕಾರ್ಯ ಯಶಸ್ವಿಯಾಗಿ ಮುಗಿದಿದೆ.